ನೆಲ ನೋಡಿಕೊಂಡು ನಡೆಯುವುದು

"ದಿನಾ ನಾಯಿಯನ್ನು ವಾಕಿಂಗ್ ಕರೆದುಕೊಂಡು ಹೋಗುವವರು ಅದರಿಂದ ಏನಾದರೂ ಜೀವನಪಾಠ ಕಲಿತಿದ್ದೀರಾ?" ಅಂತ ಕೇಳಿದ್ದೀರಿ.

ತಾಳ್ಮೆ ಕಲಿತೆ, ನಿಷ್ಠೆ ಕಲಿತೆ ಅಂತ ಬರೆದುಬಿಡಬಹುದು. ಸುಳ್ಳಾಗುತ್ತದೆ. ತಾಳ್ಮೆ ನನಗೆ ಇವತ್ತಿಗೂ ಇಲ್ಲ, ಬೇಕಾದರೆ ನಮ್ಮ ಮನೆಯವರನ್ನು ಕೇಳಿ. ನಾನು ಕಲಿತಿದ್ದು ನೆಲ ನೋಡಿಕೊಂಡು ನಡೆಯುವುದನ್ನು, ಅಷ್ಟೇ.

ನಮ್ಮದು ಮೈಸೂರು, ಕೃಷ್ಣಮೂರ್ತಿಪುರಂ. ನಾಯಿಯ ಹೆಸರು ಚಿಕ್ಕಿ. ಮುಧೋಳ ತಳಿ. 2005ರಲ್ಲಿ ಅಂಚೆ ಚೀಟಿ ಮೇಲೆ ಬಂದ ಗೌರವಸ್ಥ ತಳಿ ಅಂತ ಬೀಗಿಕೊಂಡೇ ತಂದಿದ್ದೆ. ತಂದ ಮೇಲೆ ಗೊತ್ತಾಗಿದ್ದು, ಇವು ಮೂಗಿಗಿಂತ ಕಣ್ಣನ್ನು ಜಾಸ್ತಿ ನಂಬುವ ಬೇಟೆ ನಾಯಿಗಳು. ದೂರದಲ್ಲಿ ಏನಾದರೂ ಅಲುಗಾಡಿದರೆ ಸಾಕು. ಇನ್ನೊಂದು ವಿಷಯ, ಇವುಗಳ ತಲೆ ಸಣ್ಣ, ಕತ್ತು ದಪ್ಪ. ಮಾಮೂಲಿ ಬೆಲ್ಟ್ ಹಾಕಿದರೆ, ಹಿಂದಕ್ಕೆ ಒಂದು ಸಲ ಜಗ್ಗಿ ತಲೆ ತಪ್ಪಿಸಿಕೊಳ್ಳುತ್ತವೆ.

ಎರಡನೇ ವಾರ ಅದೇ ಆಯಿತು. ಕಾಂಪೌಂಡ್ ಮೇಲೆ ಬೆಕ್ಕು. ಬೆಲ್ಟು ನನ್ನ ಕೈಯಲ್ಲಿ, ಚಿಕ್ಕಿ ರಸ್ತೆಯ ತುದಿಯಲ್ಲಿ. ನಾನು ಚಪ್ಪಲಿ ಬಿಟ್ಟು ಓಡಿದೆ. ಓಡಿದಷ್ಟೂ ಅದಕ್ಕೆ ಖುಷಿ. ನಿಲ್ಲುತ್ತದೆ, ತಿರುಗಿ ನೋಡುತ್ತದೆ, ನಾನು ಹತ್ತಿರ ಬಂದ ಕೂಡಲೇ ಮತ್ತೆ ಓಟ. ಬಾಗಿಲಿಗೆ ರಂಗೋಲಿ ಹಾಕುತ್ತಿದ್ದ ಅಜ್ಜಿಯೊಬ್ಬರು ತಲೆ ಎತ್ತದೆ ಹೇಳಿದರು: "ಯಾಕಪ್ಪ ಓಡ್ತೀಯ? ಕೂತ್ಕೋ. ಅದೇ ಬರುತ್ತೆ." ನಾನು ಬೆನ್ನು ತಿರುಗಿಸಿ ಅಲ್ಲೇ ಫುಟ್‌ಪಾತ್ ಮೇಲೆ ಕೂತೆ. ಎರಡು ನಿಮಿಷ ಆಗಿರಬೇಕು, ಕತ್ತಿಗೆ ಒದ್ದೆ ಮೂಗು ತಾಗಿತು.

ಇದೇ ಜೀವನಪಾಠ ಅಲ್ವಾ ಅಂತ ನೀವು ಅನ್ನಬಹುದು. ಮನೆಯಲ್ಲಿ ಪ್ರಯೋಗ ಮಾಡಿ ನೋಡಿದ್ದೇನೆ. ಮಗ ಟ್ಯೂಷನ್‌ಗೆ ಹೋಗಲ್ಲ ಅಂದಾಗ ನಾನು ಸುಮ್ನೆ ಕೂತೆ. ಅವನೂ ಸುಮ್ನೆ ಕೂತ.

ಆಮೇಲೆ ಜಗ್ಗಿದರೆ ತಾನೇ ಬಿಗಿಯಾಗುವ ಬೆಲ್ಟ್ ತಂದೆ. ಮಾರ್ಟಿಂಗೇಲ್ ಅಂತಾರೆ. ಮುಧೋಳ ಸಾಕುವವರು ಮೊದಲ ದಿನವೇ ತಂದುಬಿಡಿ.

ಇನ್ನು ನೆಲದ ವಿಷಯ. ಅದೇ ರಸ್ತೆಯಲ್ಲಿ ಇಪ್ಪತ್ತು ವರ್ಷ ಓಡಾಡಿದ್ದೆ, ಆದರೆ ಬರಿಗಾಲಲ್ಲಿ ನಡೆಯುವ ಜೀವ ಜೊತೆಗೆ ಬಂದ ಮೇಲೆ ಅದು ಬೇರೆ ರಸ್ತೆಯೇ ಆಯಿತು. ಏಪ್ರಿಲ್‌ನಲ್ಲಿ ಸಂಜೆ ಐದಕ್ಕೂ ಟಾರು ಕಾದಿರುತ್ತದೆ. ಅಂಗೈ ಹಿಂಭಾಗ ಇಟ್ಟು ಐದು ಸೆಕೆಂಡ್ ತಡೆಯಲಾಗದಿದ್ದರೆ ಅದರ ಪಾದಕ್ಕೂ ಆಗುವುದಿಲ್ಲ. ಬೇಸಿಗೆಯಲ್ಲಿ ನಾವು ಹೊರಡುವುದೇ ಏಳರ ಮೇಲೆ. ಭಾನುವಾರ ಬೆಳಿಗ್ಗೆ ಬಾಟಲಿ ಚೂರು, ಕೋಳಿ ಮೂಳೆ. ಅಮಾವಾಸ್ಯೆಯ ಮಾರನೇ ದಿನ ಒಡೆದ ಬೂದುಗುಂಬಳ, ಅದರೊಳಗೆ ಕುಂಕುಮ, ಚಿಲ್ಲರೆ ಕಾಸು. ಆಯುಧಪೂಜೆ ಆದ ವಾರವಂತೂ ಹೆಜ್ಜೆಗೊಂದು ಹಿಸುಕಿದ ನಿಂಬೆಹಣ್ಣು.

ಇದೆಲ್ಲ ನೋಡಿದೆ, ನಮ್ಮದೇ ಗಲೀಜು ಮಾತ್ರ ನೋಡಲಿಲ್ಲ.

ಮೊದಮೊದಲು ಚಿಕ್ಕಿಯನ್ನು ಕಕ್ಕಸಿಗೆ ಕನ್ಸರ್ವೆನ್ಸಿಗೆ ಕರೆದೊಯ್ಯುತ್ತಿದ್ದೆ. ಬೇರೆ ಊರಿನವರಿಗೆ ಹೇಳಬೇಕು: ಮೈಸೂರಿನ ಹಳೇ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಬೆನ್ನಿನ ನಡುವೆ ಒಂದು ಓಣಿ ಇರುತ್ತದೆ, ಅದೇ ಕನ್ಸರ್ವೆನ್ಸಿ. ಅಲ್ಲಿ ಯಾರೂ ನೋಡುವುದಿಲ್ಲ ಅನ್ನುವುದೇ ನನ್ನ ಲೆಕ್ಕ. ಒಂದು ಬೆಳಿಗ್ಗೆ ಆರೂವರೆಗೆ ಪೌರಕಾರ್ಮಿಕರೊಬ್ಬರು ಅಲ್ಲಿ ಗುಡಿಸುತ್ತಿದ್ದರು. ಕಸಬರಿಕೆ ನಿಲ್ಲಿಸಿ ಕೇಳಿದರು: "ಸಾರ್, ಇದು ನಿಮ್ಮ ನಾಯೀದಾ? ದಿನಾ ಇಲ್ಲೇ ಇರುತ್ತೆ." ಬೈಯಲಿಲ್ಲ. ಬೈದಿದ್ದರೆ ನಾನೂ ಜಗಳ ಆಡಿ ಮರೆತುಬಿಡುತ್ತಿದ್ದೆ.

ಆ ಓಣಿ ಯಾಕಿದೆ ಅಂತ ನನಗೆ ಚೆನ್ನಾಗಿ ಗೊತ್ತು. 1890ರ ದಶಕದ ಕೊನೆಯಲ್ಲಿ ಮೈಸೂರಿಗೆ ಪ್ಲೇಗ್ ಬಂತು. 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಆಯಿತು, ಗಾಳಿ ಬೆಳಕಿನ ಬಡಾವಣೆಗಳು ಬಂದವು. ಮಲ ಎತ್ತುವವರು ಮುಂಬಾಗಿಲ ಕಡೆ ಕಾಣಿಸಿಕೊಳ್ಳದೆ ಹಿಂದಿನಿಂದಲೇ ಬಂದು ಹೋಗಲಿ ಅಂತ ಮನೆಗಳ ಬೆನ್ನಿಗೆ ಓಣಿ. ನಮ್ಮ ಅಜ್ಜಿ ಮನೆಯ ಹಿತ್ತಲ ಗೋಡೆಯಲ್ಲಿ, ಅವರು ಓಣಿಯಿಂದಲೇ ಮಲ ಎತ್ತಲು ಇದ್ದ ಕಿಂಡಿಯನ್ನು ಇಟ್ಟಿಗೆ ಇಟ್ಟು ಮುಚ್ಚಿದ ಗುರುತು ಇತ್ತು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ರಾಜ್ಯದಲ್ಲಿ ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. ಇದನ್ನೆಲ್ಲ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯಲ್ಲಿ ಮಾತಾಡಿ ಬಹುಮಾನ ತಗೊಂಡಿದ್ದೆ. ಈಗ ಅದೇ ಓಣಿಗೆ ನನ್ನ ನಾಯಿಯನ್ನು ಕಳಿಸುತ್ತಿದ್ದೆ, ಇನ್ಯಾರೋ ಎತ್ತಲಿ ಅಂತ.

ಮಾರನೇ ದಿನದಿಂದ ಜೇಬಲ್ಲಿ ನ್ಯೂಸ್‌ಪೇಪರ್. ಚಿಕ್ಕಿ ಕೂರುವ ಮುಂಚೆ ಮೂರು ಸುತ್ತು ಹಾಕುತ್ತದೆ. ಅಷ್ಟರಲ್ಲಿ ಹಾಳೆ ಬಿಡಿಸಿ ಕೆಳಗೆ ತಳ್ಳಬೇಕು. ಮೊದಲ ದಿನ ಮಡಿಚಿ ಎತ್ತಿಕೊಂಡಾಗ ಕಾಗದದೊಳಗಿಂದ ಕೈಗೆ ಬಿಸಿ ತಾಗಿತು. ಹೊಟ್ಟೆ ತೊಳಸಿತು. ಎದುರಿಗೆ ಪಕ್ಕದ ಮನೆ ಮೇಷ್ಟ್ರು ಹಾಲು ಹಿಡಿದುಕೊಂಡು ಬರುತ್ತಿದ್ದರು, ನಾನು ಪೊಟ್ಟಣವನ್ನು ಬೆನ್ನ ಹಿಂದೆ ಅಡಗಿಸಿದೆ. ಎತ್ತದೆ ಬಂದಾಗ ಆಗದ ನಾಚಿಕೆ ಎತ್ತಿದಾಗ ಆಯಿತು, ನೋಡಿ. ಈಗ ಅದನ್ನು ಮನೆಗೆ ತಂದು ಕಕ್ಕಸಿಗೆ ಸುರಿದು ನೀರು ಬಿಡುತ್ತೇನೆ, ಕಸದ ಗಾಡಿಗೆ ಹಾಕುವುದಿಲ್ಲ. ಗಾಡಿಯಲ್ಲಿ ಬೇರ್ಪಡಿಸುವುದೂ ಕೈಯಲ್ಲೇ ಅಲ್ವಾ. ಜೋರು ಮಳೆಯಲ್ಲಿ ಒಂದೆರಡು ಸಲ ಬಿಟ್ಟು ಬಂದಿದ್ದೂ ಇದೆ, ಇಲ್ಲ ಅನ್ನಲ್ಲ.

ಅವತ್ತು ಓಣಿ ಗುಡಿಸುತ್ತಿದ್ದ ಆಕೆ ಈಗಲೂ ಸಿಗುತ್ತಾರೆ. "ಏನೇ ಚಿಕ್ಕಿ, ತಿಂಡಿ ಆಯ್ತಾ?" ಅಂತ ನಾಯಿಯನ್ನು ಮಾತಾಡಿಸುತ್ತಾರೆ. ನಾಯಿಯ ಹೆಸರು ಅವರಿಗೆ ಮೊದಲ ತಿಂಗಳೇ ಗೊತ್ತಿತ್ತು. ಅವರ ಹೆಸರು ನಾನು ಕೇಳಿದ್ದು ಮೂರನೇ ವರ್ಷ.

ನೀವೂ ನಾಯಿ ತರುವ ಯೋಚನೆಯಲ್ಲಿದ್ದರೆ ಹಳೇ ಪೇಪರ್ ಮಾರಬೇಡಿ, ಕೂಡಿಡಿ. ಆದರೆ ಬಣ್ಣದ ಮ್ಯಾಗಝೀನ್ ಬೇಡ. ಕಾಗದ ನುಣುಪು, ಜಾರುತ್ತದೆ.