ನವಜಾತ ಶಿಶುಗಳಲ್ಲಿ ಬಿಲಿಯರಿ ಅಟ್ರೇಶಿಯಾ ಮತ್ತು ಕೋಲೆಡೋಕಲ್ ಸಿಸ್ಟ್ ನಡುವಿನ ವ್ಯತ್ಯಾಸವನ್ನು ಹೇಗೆ ಕಂಡುಹಿಡಿಯುತ್ತಾರೆ?

ಎರಡೂ ಲಿವರ್‌ನಿಂದ ಕರುಳಿಗೆ ಪಿತ್ತ ಒಯ್ಯುವ ನಾಳದ ತೊಂದರೆಗಳು: ಅಟ್ರೇಶಿಯಾದಲ್ಲಿ ನಾಳ ಮುಚ್ಚಿಹೋಗಿರುತ್ತದೆ, ಕೋಲೆಡೋಕಲ್ ಸಿಸ್ಟ್‌ನಲ್ಲಿ ಊದಿರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರ. ಕಣ್ಣು, ಮೈ ಹಳದಿ, ಮೂತ್ರ ಗಾಢ, ಮಲ ಬಿಳಿಚಿಕೊಂಡಿರುತ್ತದೆ. ಹುಟ್ಟಿ 2 ವಾರ ಕಳೆದರೂ ಕಾಮಾಲೆ ಇಳಿಯದಿದ್ದರೆ ಡೈರೆಕ್ಟ್ ಬಿಲಿರುಬಿನ್ (ಪಿತ್ತ ಸರಿಯಾಗಿ ಹರಿಯದಿದ್ದರೆ ರಕ್ತದಲ್ಲಿ ಹೆಚ್ಚುವ ಹಳದಿ ವಸ್ತು) ಪರೀಕ್ಷೆ ಮಾಡಿಸಲೇಬೇಕು. ಅದು ಜಾಸ್ತಿ ಬಂದರೆ ಎದೆಹಾಲಿನ ಕಾಮಾಲೆ ಅಂತ ಸುಮ್ನೆ ಕಾಯುವಂತಿಲ್ಲ.

ಮುಂದೆ ಹೊಟ್ಟೆಯ ಅಲ್ಟ್ರಾಸೌಂಡ್. ಕೋಲೆಡೋಕಲ್ ಸಿಸ್ಟ್ ಆಗಿದ್ದರೆ ಪಿತ್ತನಾಳ ಚೀಲದ ಹಾಗೆ ಊದಿರುತ್ತದೆ, ಪಿತ್ತಕೋಶ ಸಾಮಾನ್ಯವಾಗಿ ಚೆನ್ನಾಗಿಯೇ ಕಾಣುತ್ತದೆ. ಬಿಲಿಯರಿ ಅಟ್ರೇಶಿಯಾದಲ್ಲಿ ಲಿವರ್ ಹೊರಗಿನ ನಾಳವೇ ಮುಚ್ಚಿಹೋಗಿರುತ್ತದೆ. ಪಿತ್ತಕೋಶ ಹೆಚ್ಚಾಗಿ ಚಿಕ್ಕದಾಗಿ ಮುದುಡಿಕೊಂಡಿರುತ್ತದೆ, ಇಲ್ಲವೇ ಕಾಣುವುದೇ ಇಲ್ಲ. ಇಷ್ಟೇ ಆಗಿದ್ದರೆ ಸುಲಭ ಅಲ್ವಾ? ಆದರೆ ಅಟ್ರೇಶಿಯಾ ಇರುವ ಕೆಲವು ಮಕ್ಕಳಲ್ಲೂ ಸಿಸ್ಟ್ ಇರುತ್ತದೆ. ನಿಜವಾದ ಗೊಂದಲ ಇಲ್ಲೇ. ಸಿಸ್ಟ್ ಚಿಕ್ಕದಿದ್ದು, ಲಿವರ್ ಒಳಗಿನ ನಾಳಗಳು ಹಿಗ್ಗಿರದಿದ್ದರೆ ಅಟ್ರೇಶಿಯಾದ ಅನುಮಾನ ಬಲವಾಗುತ್ತದೆ.

ಅಲಾಜಿಲ್ ಸಿಂಡ್ರೋಮ್ ಎಂಬ ಜೀನ್ ದೋಷದ ಕಾಯಿಲೆ ಕೂಡ ಹೀಗೇ ಕಾಣಬಹುದು. ಅದರಲ್ಲಿ ಲಿವರ್ ಒಳಗಿನ ಸಣ್ಣ ನಾಳಗಳೇ ಕಡಿಮೆ ಇರುತ್ತವೆ. ಹೃದಯದ ತೊಂದರೆ, ಚಿಟ್ಟೆಯಾಕಾರದ ಬೆನ್ನುಮೂಳೆ ಸುಳಿವು ಕೊಡುತ್ತವೆ.

ಲಿವರ್ ಬಯಾಪ್ಸಿಯಿಂದ (ಲಿವರ್‌ನ ಚಿಕ್ಕ ತುಣುಕು ತೆಗೆದು ನೋಡುವ ಪರೀಕ್ಷೆ) ಸಾಕಷ್ಟು ತಿಳಿಯುತ್ತದೆ. ಆದರೂ ಅಟ್ರೇಶಿಯಾ ಖಚಿತವಾಗುವುದು ಆಪರೇಷನ್ ಹೊತ್ತಿಗೆ ಪಿತ್ತನಾಳಕ್ಕೆ ಡೈ ಹಾಕಿ ತೆಗೆಯುವ ಎಕ್ಸ್‌ರೇಯಿಂದ. ಹೌದು ಎಂದಾದರೆ ಅಲ್ಲೇ ಕಸಾಯ್ ಆಪರೇಷನ್ (ಪಿತ್ತ ಹರಿಯಲು ಕರುಳನ್ನು ನೇರವಾಗಿ ಲಿವರ್‌ಗೆ ಜೋಡಿಸುವುದು) ಮುಂದುವರಿಸುತ್ತಾರೆ. ಮಗುವಿಗೆ 60 ದಿನ ತುಂಬುವ ಮೊದಲೇ ಇದು ಆದರೆ ಪಿತ್ತ ಮತ್ತೆ ಹರಿಯುವ ಸಾಧ್ಯತೆ ಜಾಸ್ತಿ. ಹಾಗಾಗಿ ಮಲ ಬಿಳಿಚಿಕೊಂಡಿದ್ದರೆ ದಯವಿಟ್ಟು ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ.