ಶ್ರೀರಂಗಪಟ್ಟಣದಲ್ಲಿ ಯಾರ ಸಮಾಧಿ ಎಲ್ಲಿದೆ?

ಕೋಟೆಯ ನೀರಬಾಗಿಲ ಹತ್ತಿರ ಇರುವ ಕಲ್ಲೇ ಟಿಪ್ಪುವಿನ ಸಮಾಧಿಯೇ, ಸುತ್ತಮುತ್ತ ಇನ್ಯಾರನ್ನು ಹೂಳಲಾಗಿದೆ ಎಂದು ಕೇಳಿದ್ದೀರಿ. ಅದು ಸಮಾಧಿಯಲ್ಲ. 1799ರ ಮೇ 4ರಂದು ಶವ ಸಿಕ್ಕಿದ ಜಾಗದ ಗುರುತು ಅಷ್ಟೆ. ಬಹಳ ಜನ ಅಲ್ಲೇ ಕೈಮುಗಿದು ವಾಪಸಾಗುತ್ತಾರೆ, ದಯವಿಟ್ಟು ನೀವು ಹಾಗೆ ಮಾಡಬೇಡಿ.

ಗೋರಿ ಇರುವುದು ಗಂಜಾಂ ಕಡೆಯ ಗುಂಬಜಿನಲ್ಲಿ. ಒಳಗೆ ಮೂರು ಗೋರಿಗಳಿವೆ: ನಡುವೆ ಹೈದರಾಲಿ, ಅವನ ಆಚೀಚೆ ಪತ್ನಿ ಫಕ್ರುನ್ನಿಸಾ ಮತ್ತು ಮಗ ಟಿಪ್ಪು. ಹೈದರ್ 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿ ತೀರಿಕೊಂಡ. ಮೊದಲು ಕೋಲಾರದಲ್ಲಿ, ತಂದೆ ಫತೇ ಮಹಮ್ಮದನ ಗೋರಿಯಿರುವಲ್ಲಿ ಹೂತು, ಆಮೇಲೆ ಇಲ್ಲಿಗೆ ತಂದರು. ಎರಡೂ ಊರಿನ ಹೆಸರು ಕೇಳಿಬರುವುದು ಇದಕ್ಕೇ. ಹೊರಗಿನ ಜಗಲಿಯ ಮೇಲಿನವು ಬಂಧುಗಳ, ಸರದಾರರ ಗೋರಿಗಳು. ಅವಸರ ಮಾಡದೆ ಒಂದು ಸುತ್ತು ಬನ್ನಿ.

ಗುಂಬಜಿನ ಹತ್ತಿರವೇ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಕರ್ನಲ್ ವಿಲಿಯಂ ಬೇಲಿಯ ಸ್ಮಾರಕವಿದೆ. 1780ರಲ್ಲಿ ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಹೈದರ್, ಟಿಪ್ಪುವಿನ ಸೇನೆಗೆ ಸೋತು ಸೆರೆಸಿಕ್ಕ ಇವನು 1782ರಲ್ಲಿ ಸೆರೆಯಲ್ಲೇ ಸತ್ತ. ಕಾವೇರಿ ದಡದ ಗ್ಯಾರಿಸನ್ ಸ್ಮಶಾನದಲ್ಲಿ ಬ್ರಿಟಿಷರ ಸೇವೆಯಲ್ಲಿದ್ದ, ಸ್ವಿಸ್ ಮೂಲದ ಡಿ ಮ್ಯೂರಾನ್ ಪಡೆಯವರ ಸಮಾಧಿಗಳಿವೆ.

ಶಾಸನ ಓದಲು ಬೆಳಗ್ಗೆ ಅಥವಾ ಸಂಜೆ ಹೋಗಿ. ಓರೆ ಬಿಸಿಲಲ್ಲಿ ಸವೆದ ಅಕ್ಷರವೂ ನೆರಳು ಬಿಟ್ಟು ಕಾಣುತ್ತದೆ, ನಡುಮಧ್ಯಾಹ್ನ ಏನೂ ತಿಳಿಯದು. ಸೀಮೆಸುಣ್ಣ ತಿಕ್ಕಲೇಬೇಡಿ, ಕಲ್ಲಿನ ಮೈ ಕೆಡುತ್ತದೆ. ಶಾಸನದ ಹಿಜರಿ (ಇಸ್ಲಾಮಿ ಪಂಚಾಂಗದ) ವರ್ಷವನ್ನು ಕ್ರಿಸ್ತಶಕಕ್ಕೆ ತಿರುಗಿಸಲು ನೇರವಾಗಿ 622 ಕೂಡಿಸಿದರೆ ತಪ್ಪುತ್ತದೆ, ಚಾಂದ್ರಮಾನ ವರ್ಷ ಸುಮಾರು 11 ದಿನ ಚಿಕ್ಕದು. 0.97ರಿಂದ ಗುಣಿಸಿ ಆಮೇಲೆ ಕೂಡಿಸಿ: ಟಿಪ್ಪು ಮಡಿದ ಹಿಜರಿ 1213ಕ್ಕೆ 1798.6 ಬರುತ್ತದೆ. ಅದು ಸುಮಾರಾಗಿ ಆ ವರ್ಷದ ಆರಂಭ, ಮುಂದಿನ 1799ರ ಮೇ ತಿಂಗಳು ಅದೇ ಹಿಜರಿಯೊಳಗೆ ಬೀಳುತ್ತದೆ.