ಮೂಗಿಂದ ಹುಳ ಬಿದ್ರೆ ಸೀಮೆಎಣ್ಣೆ ಬಿಡಬೇಡಿ

ಪ್ರಶ್ನೆ: ಅಮ್ಮನಿಗೆ 66 ವರ್ಷ, ಶುಗರ್ ಇದೆ. ವಾರದಿಂದ ಮೂಗಲ್ಲಿ ರಕ್ತ ಬೆರೆತ ನೀರು, ಕೆಟ್ಟ ವಾಸನೆ. ನಿನ್ನೆ ಸೀನಿದಾಗ ನಾಲ್ಕೈದು ಹುಳ ಬಿದ್ದವು. ಪಕ್ಕದ ಮನೆಯವರು ಸೀಮೆಎಣ್ಣೆ ಬಿಡಿ ಅಂತಾರೆ. ಉಳಿದವು ತಾನಾಗೇ ಬೀಳುತ್ತವಾ? (ಮಧುಗಿರಿ)

ಉತ್ತರ: ಮೊದಲು ಅಮ್ಮನನ್ನು ಇವತ್ತೇ ತುಮಕೂರಿಗೆ ಕರೆದುಕೊಂಡು ಹೋಗಿ, ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿ. ಆಮೇಲೆ ಓದಿ.

ತಾನಾಗೇ ಬೀಳುತ್ತವೆ ನಿಜ, ಆದರೆ ಬೀಳುವುದು ತಿಂದು ಮುಗಿಸಿದವು. ಕ್ರೈಸೋಮಿಯಾ ಅನ್ನೋ ನೊಣ ಗಾಯದ ಅಂಚಿನಲ್ಲಿ ಒಂದು ಸಲಕ್ಕೆ 150-200 ಮೊಟ್ಟೆ ಇಡುತ್ತದೆ. ಒಂದು ದಿನದೊಳಗೆ ಮರಿ. ಐದಾರು ದಿನ ಮಾಂಸ ತಿಂದು, ಬಲಿತ ಮೇಲೆ ಮಣ್ಣಿಗೆ ಬೀಳುತ್ತವೆ. ಕೊಳೆತ ಮಾಂಸವಲ್ಲ, ಜೀವ ಇರೋ ಮಾಂಸ. ಹಾಗಾಗಿ 'ಬಿತ್ತು, ವಾಸಿಯಾಯ್ತು' ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ವಾಸನೆಗೆ ಇನ್ನಷ್ಟು ನೊಣ ಬರುತ್ತವೆ, ಒಳಗೆ ಅಂಗುಳು ತೂತಾಗಬಹುದು, ಕಣ್ಣಿನ ಗೂಡಿಗೆ, ಮಿದುಳಿಗೂ ಹೋಗಬಹುದು.

ಸೀಮೆಎಣ್ಣೆ, ಫಿನಾಯಿಲ್, ನುಸಿಗುಳಿಗೆ ಪುಡಿ, ಹೊಗೆಸೊಪ್ಪಿನ ನೀರು, ಸೀತಾಫಲದ ಎಲೆ ರಸ, ಏನನ್ನೂ ಹಾಕಬೇಡಿ. ದನದ ಗಾಯಕ್ಕೆ ಹಾಕಿದ್ದನ್ನು ನೋಡಿ ಅಮ್ಮನ ಮೂಗಿಗೆ ಬಿಡ್ತೀರಲ್ಲಾ! ಸೀಮೆಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಹುಳ ಒಳಗೇ ಸತ್ತರೆ ಅಲ್ಲೇ ಕೊಳೆಯುತ್ತದೆ, ತೆಗೆಯೋದು ಇನ್ನೂ ಕಷ್ಟ.

ಹುಳ ತಲೆಯನ್ನು ಮಾಂಸದೊಳಗೆ ಹೂತು, ಹಿಂಭಾಗವನ್ನು ಮೇಲಿಟ್ಟು ಅಲ್ಲಿಂದಲೇ ಉಸಿರಾಡುತ್ತದೆ. ಮೈಸುತ್ತ ಸ್ಕ್ರೂ ಸುತ್ತಿನ ಹಾಗೆ ಮುಳ್ಳಿನ ಸಾಲು, ಎಳೆದರೆ ಕಚ್ಚಿಕೊಳ್ಳುತ್ತದೆ. ನಾವು ಡಾಕ್ಟರುಗಳು ಟರ್ಪೆಂಟೈನ್ ಅದ್ದಿದ ಬಟ್ಟೆ ಇಟ್ಟು, ಉಸಿರು ಕಟ್ಟಿ ಮೇಲೆ ಬಂದವನ್ನು ಮೂಗಿನೊಳಗೆ ನೋಡುವ ದುರ್ಬೀನಿನಲ್ಲಿ ನೋಡುತ್ತಾ ಚಿಮಟದಿಂದ ಒಂದೊಂದಾಗಿ ತೆಗೆಯುತ್ತೇವೆ. ಒಂದೇ ಸಲಕ್ಕೆ ಮುಗಿಯೋದು ಕಮ್ಮಿ, ಮರುದಿನ ಮತ್ತೆ ನೋಡಬೇಕು. ಟರ್ಪೆಂಟೈನ್ ಅಂದ ಕೂಡಲೇ ಪೇಂಟ್ ಅಂಗಡಿಗೆ ಓಡಬೇಡಿ. ಹುಳ ಕೊಲ್ಲುವ ಐವರ್‌ಮೆಕ್ಟಿನ್ ಮಾತ್ರೆಯೂ ಕೊಡುತ್ತೇವೆ, ತೂಕ ನೋಡಿ. ಕುರಿಗೆ ತಂದ ಅದರ ಇಂಜೆಕ್ಷನ್ ಅಮ್ಮನಿಗೆ ಬೇಡ.

ಶುಗರ್ ಹತೋಟಿಗೆ ಬರದಿದ್ದರೆ ಇದೆಲ್ಲ ಮತ್ತೆ ಆಗಬಹುದು. ಮೂಗು ಒಣಗಿ ಹಕ್ಕಳೆ ಕಟ್ಟುವ ಕಾಯಿಲೆ ಇರುವವರಿಗೆ ತಮ್ಮ ಮೂಗಿನ ವಾಸನೆ ತಮಗೇ ಗೊತ್ತಾಗಲ್ಲ, ಮನೆಯವರೇ ಹೇಳಬೇಕು. ನೊಣ ಮೊಟ್ಟೆ ಇಡೋದು ಹಗಲಲ್ಲಿ. ಅಮ್ಮ ಮಧ್ಯಾಹ್ನ ಜಗಲಿ ಮೇಲೆ ಮಲಗೋದಾದರೆ ಸೊಳ್ಳೆಪರದೆ ಕಟ್ಟಿ.

ಪ್ರಶ್ನೆ: ಹುಳ ಬೀಳೋದು ಪಾಪದ ಫಲ ಅಂತಾರೆ, ಹೌದಾ? (ಗುಬ್ಬಿ)

ಉತ್ತರ: ಅಲ್ಲ. 'ಹುಳ ಬಿದ್ದು ಹೋಗ' ಅನ್ನೋ ಬೈಗುಳ ನಂಬಿಕೊಂಡು ರೋಗಿಯನ್ನು ಬಚ್ಚಿಡೋದಿದೆಯಲ್ಲ, ಅದು ಪಾಪ.

ಪ್ರಶ್ನೆ: ಕುರಿ ಹಟ್ಟಿಯಲ್ಲಿ ಕಣ್ಣಿಗೆ ಏನೋ ಹೊಡೆದ ಹಾಗಾಯ್ತು, ಈಗ ಮರಳು ಬಿದ್ದಂತೆ ಚುಚ್ಚುತ್ತಿದೆ. ಹರಳೆಣ್ಣೆ ಬಿಟ್ಟಿದ್ದೇನೆ. (ಶಿರಾ)

ಉತ್ತರ: ಎಣ್ಣೆ ನಿಲ್ಲಿಸಿ, ಉಜ್ಜಬೇಡಿ. ಹೊಡೆದದ್ದು ಕುರಿ ಮೂಗಿನ ನೊಣ ಇರಬಹುದು. ಅದು ಮೊಟ್ಟೆ ಇಡಲ್ಲ, ಹಾರುತ್ತಲೇ ಜೀವಂತ ಮರಿಗಳನ್ನು ಚಿಮ್ಮಿಸುತ್ತದೆ. ಒಂದು ಮಿಲಿಮೀಟರಿನಷ್ಟು ಇರುತ್ತವೆ, ಬಾಯಿಕೊಕ್ಕೆಯಿಂದ ಹಿಡಿದುಕೊಳ್ಳುವುದರಿಂದ ತೊಳೆದರೂ ಹೋಗಲ್ಲ. ಕಣ್ಣಿನ ಡಾಕ್ಟರು ಮರಗಟ್ಟಿಸುವ ಹನಿ ಹಾಕಿ ತೆಗೆಯುತ್ತಾರೆ. ಕುರಿ ವಿಷಯ ಅವರಿಗೆ ಮರೆಯದೆ ಹೇಳಿ, ಇಲ್ಲದಿದ್ದರೆ ಸಾಮಾನ್ಯ ಕಣ್ಣು ಬೇನೆ ಅಂದುಕೊಳ್ಳುವ ಸಾಧ್ಯತೆ ಜಾಸ್ತಿ.

ಪ್ರಶ್ನೆ: ಸೀಬೆಹಣ್ಣಿನ ಜೊತೆ ಹುಳ ನುಂಗಿದೆ.

ಉತ್ತರ: ಜೀರ್ಣವಾಗಿರುತ್ತೆ, ಬಿಡಿ.

ಪ್ರಶ್ನೆ: ಸಂತೆಯಲ್ಲಿ ಹೊಗೆ ಹಾಕಿ ಹಲ್ಲಿನ ಹುಳ ತೆಗೆದು ತೋರಿಸಿದರು. (ಪಾವಗಡ)

ಉತ್ತರ: ಹುಳುಕು ಹಲ್ಲಿಗೆ ಕಾರಣ ಬ್ಯಾಕ್ಟೀರಿಯಾ, ಹುಳ ಅಲ್ಲ. ಅವರು ತೋರಿಸಿದ್ದು ಅವರೇ ತಂದದ್ದು. ಹಲ್ಲಿನ ಡಾಕ್ಟರ ಹತ್ತಿರ ಹೋಗಿ.